ಕಾಲು ಅಲ್ಲಾಡಿಸಿದ ಪತಂಗ

ಗುರುವಾರ, ಜೂನ್ 14

ಅಮ್ಮಾ,

ನಿನ್ನ ತರಲೆಯ ನಮಸ್ಕಾರ. ಕ್ಷೇಮಸಮಾಚಾರ ಆಮೇಲೆ, ಮೊದಲು ಜಗಳ. ಫೋನಿನಲ್ಲಿ ಕೇಳಿದರೆ ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಇಪ್ಪತ್ತಮೂರು ವರ್ಷದ ಹಿಂದೆ ನೀನು ಹಿಡಿದು ಸೂಜಿ ಚುಚ್ಚಿಟ್ಟ ಪತಂಗ ಈ ತಿಂಗಳ ಎರಡನೇ ತಾರೀಖು ಶನಿವಾರ ಮ್ಯೂಸಿಯಂ ಡ್ರಾಯರಿನಲ್ಲಿ ಕಾಲು ಅಲ್ಲಾಡಿಸಿತು. ಕನ್ನಡಕ ಒರೆಸಿಕೊಂಡು ನೋಡಿದೆ. ಮತ್ತೆ ಅಲ್ಲಾಡಿಸಿತು. ಸಂಜೆಯ ಹೊತ್ತಿಗೆ ಸುಮ್ಮನಾಯಿತು. ಅಷ್ಟರಲ್ಲಿ ನಿನ್ನ ಕೈಬರಹದ ಚೀಟಿಯ ಮೇಲೆ, ತಾರೀಖಿನ ಪಕ್ಕದಲ್ಲೇ, ಇಪ್ಪತ್ತೇಳು ಹಳದಿ ಮೊಟ್ಟೆ ಇಟ್ಟಿತ್ತು.

ಅದಕ್ಕೆ ಎರಡು ದಿನ ಮುಂಚೆ ಬಂದವಳು ನೀನು. ಏಪ್ರಿಲ್‌ನಲ್ಲೂ ಬಂದು ಆ ಡ್ರಾಯರ್ ನೋಡಬೇಕು ಎಂದಿದ್ದೆ. ಬೀಗದ ಕೈ ಮೇಲ್ವಿಚಾರಕರ ಹತ್ತಿರ ಇದ್ದುದರಿಂದ ತೋರಿಸಲಾಗಲಿಲ್ಲ. ಈ ಸಲ ಕೈಯಲ್ಲೊಂದು ತಗಡಿನ ಡಬ್ಬಿ. ಏನಮ್ಮ ಅದು ಎಂದರೆ ಕನ್ನಡಕ ಎಂದೆ. ಕನ್ನಡಕ ನಿನ್ನ ಮೂಗಿನ ಮೇಲೇ ಇತ್ತು. ಅಷ್ಟರಲ್ಲಿ ಮೇಲ್ವಿಚಾರಕರು ಕರೆದರು. ಬೀಗದ ಕೈ ಗೊಂಚಲು ಮೇಜಿನ ಮೇಲೆ ಬಿಟ್ಟು ಎದ್ದೆ. ಆಗ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ:

"ನಿಧಾನವಾಗಿ ಹೋಗಿ ಬಾ, ನನಗೇನೂ ಅವಸರ ಇಲ್ಲ."

ಯಾವತ್ತು ನಿನಗೆ ಅವಸರ ಇರಲಿಲ್ಲ?

ನೀನು ಕಲಿಸಿದ ಪಾಠವನ್ನೇ ನಿನಗೆ ಒಪ್ಪಿಸುತ್ತೇನೆ. ಚಿಕ್ಕವಳಿದ್ದಾಗ ನಾನು ಹಗಲು ಹಾರುವುದನ್ನೆಲ್ಲ ಚಿಟ್ಟೆ ಎನ್ನುತ್ತಿದ್ದೆ. ನೀನು ಕಿವಿ ಹಿಂಡಿ, ಮೀಸೆ ನೋಡು, ಕೂತಾಗ ರೆಕ್ಕೆಯನ್ನು ಮಾಡಿನ ಹಾಗೆ ಇಳಿಬಿಡುವುದು ನೋಡು, ಇವು ಹಗಲು ಹಾರುವ ಪತಂಗಗಳು, ಇವುಗಳ ಕುಟುಂಬವೇ ಬೇರೆ ಎನ್ನುತ್ತಿದ್ದೆ. ಮೈಯಲ್ಲಿ ವಿಷ ಇದೆ, ಅದನ್ನು ಸಾರುವುದಕ್ಕೇ ಕೆಂಪು ಚುಕ್ಕಿ. ಹಕ್ಕಿಯೂ ಮುಟ್ಟುವುದಿಲ್ಲ. ನಾವು ಕೊಲ್ಲುವ ಸೀಸೆಗೆ ಹಾಕುವುದೂ ಅದೇ ವಿಷ, ಹಾಗಾಗಿ ಚಿಟ್ಟೆ ಐದು ನಿಮಿಷಕ್ಕೆ ಸಾಯುವ ಸೀಸೆಯಲ್ಲಿ ಇವು ಗಂಟೆಗಟ್ಟಲೆ ಆರಾಮವಾಗಿ ಕೂತಿರುತ್ತವೆ. ಸತ್ತಿದೆ ಎಂದು ನಂಬಿ ಚುಚ್ಚಬೇಡ ಎಂದವಳು ನೀನೇ. ಯಾವ ಗಡಿಬಿಡಿಯಲ್ಲಿ ಮರೆತೆ?

ನೆರೆಯ ಜಾತಿಯದನ್ನು ತಂದಿಟ್ಟಿರಬಹುದು ಎಂದು ಭೂತಗನ್ನಡಿ ಹಿಡಿದೆ. ಅವಕ್ಕೆ ಐದು ಚುಕ್ಕಿ. ಇದಕ್ಕೆ ಆರು, ಆರನೆಯದು ಅರ್ಧ. ಮೀಸೆಯ ತುದಿಯಲ್ಲಿ ಬಿಳಿ ಉಂಗುರ. ನೀನು ಹೆಸರಿಟ್ಟ ಜಾತಿಯೇ. ನಿನ್ನ ನಂತರ ಯಾರ ಕಣ್ಣಿಗೂ ಬೀಳದ್ದು ನಿನ್ನ ಡಬ್ಬಿಗೆ ಎಲ್ಲಿಂದ ಬಂತು?

ಸೋಮವಾರ ಮೊಟ್ಟೆ ಒಡೆದವು. ಮರಿಗಳು ನಾಲ್ಕು ಬಗೆಯ ಎಲೆ ಮೂಸಿಯೂ ನೋಡಲಿಲ್ಲ. ಆಮೇಲೆ ಮೇಜಿನ ಕೆಳಗೆ, ನಿನ್ನ ಡಬ್ಬಿಯಿಂದ ಉದುರಿದ್ದ ಒಣ ಬಳ್ಳಿಯ ತುಂಡು ಸಿಕ್ಕಿತು. ಅದರ ಜಾಡು ಹಿಡಿದು ನಿನ್ನೆ ಮಧ್ಯಾಹ್ನ ಊರೆಲ್ಲ ಸುತ್ತಿ, ರೈಲು ಬಾರದ ಹಳಿಯ ಪಕ್ಕ, ಹಳೇ ಗೋದಾಮಿನ ಗೋಡೆಯ ಮೇಲೆ ಅದೇ ಬಳ್ಳಿ ಕಂಡೆ. ಬಿಸಿಲಲ್ಲಿ ಹನ್ನೊಂದು ಪತಂಗ ಹಾರುತ್ತಿದ್ದವು. ಮಂಡಿನೋವಿಗೆ ಒಳ್ಳೆಯದು ಎಂದು ದಿನಾ ನೀನು ನಡೆಯಲು ಹೋಗುವುದು ಅಲ್ಲಿಗೇ ಅಲ್ಲವೇ? ಜಾಗ ತಿಳಿದರೆ ಬಲೆ ಹಿಡಿದವರು ಮುಗಿಬೀಳುತ್ತಾರೆ ಎಂದು ನನಗೂ ಹೇಳಲಿಲ್ಲ. ನನ್ನ ಮೇಲೂ ನಂಬಿಕೆ ಇಲ್ಲವೇ?

ಬರುವ ಸೋಮವಾರ ಪರೀಕ್ಷಕರು ಬರುತ್ತಾರೆ. ನಿನ್ನ ಜಾತಿ ನಿಜಕ್ಕೂ ಬೇರೆಯೇ, ಇಲ್ಲ ನೆರೆಯದರದ್ದೇ ಒಂದು ಬಣ್ಣಭೇದವೇ ಎಂದು ನೋಡಲು. ಆ ಹೆಸರಿಗೆ ಇರುವ ಸಾಕ್ಷಿ ಆ ಒಂದೇ ಪತಂಗ. ಹಳೇ ಚೀಟಿಯ ಕೆಳಗೆ ಹೊಸ ಮೈ ಕಂಡರೆ ನಿನ್ನ ಹೆಸರಿಗೆ ಮಸಿ ಬಳಿಯುತ್ತಾರೆ. ಯಾಕೆ ಹೀಗೆ ಮಾಡಿದೆ ಅಮ್ಮ? ನಿನ್ನ ಬಾಯಿಂದಲೇ ಕೇಳಬೇಕು.

ನಿನ್ನ,
ತರಲೆ

ಮರೆತದ್ದು: ಇಷ್ಟು ಬರೆದು ಓದಿದೆ. ನನಗೇ ಅಸಹ್ಯವಾಯಿತು. ಏಪ್ರಿಲ್‌ನಲ್ಲಿ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಅದು ಯಾವತ್ತೂ ಮೇಲ್ವಿಚಾರಕರ ಹತ್ತಿರ ಇರುವುದಿಲ್ಲ ಎಂಬುದು ನನಗಿಂತ ಮೊದಲು ಮೂವತ್ತು ವರ್ಷ ಅದೇ ಗೊಂಚಲು ಹೊತ್ತ ನಿನಗೆ ಗೊತ್ತಿರದೇ ಇರುತ್ತದೆಯೇ? ಆಗಲೇ ಡ್ರಾಯರಿನಲ್ಲಿ ಹಳೇ ಪತಂಗದ ಸೂಜಿ, ಚೀಟಿ, ಒಂದು ಚಿಟಿಕೆ ಪುಡಿ ಮಾತ್ರ ಉಳಿದಿತ್ತು. ಎರಡು ವರ್ಷ ನುಸಿಗುಳಿಗೆ ಹಾಕಲು ಮರೆತವಳು ನಾನು, ಹುಳು ತಿಂದ ಪುಡಿಯನ್ನು ಕುಂಚದಲ್ಲಿ ಗುಡಿಸಿದವಳೂ ನಾನೇ. ನೀನು ಒಂದು ಮಾತೂ ಕೇಳಲಿಲ್ಲ. ಇಪ್ಪತ್ತಮೂರು ವರ್ಷ ಆ ಗೋಡೆಯ ಮೇಲಿನ ಒಂದನ್ನೂ ಮುಟ್ಟದವಳು ನನಗಾಗಿ ಒಂದನ್ನು ಚುಚ್ಚಿದೆ. ಸೋಮವಾರ ಪರೀಕ್ಷಕರಿಗೆ ನಾನೇ ಎಲ್ಲ ಹೇಳುತ್ತೇನೆ, ಜಾಗವೊಂದನ್ನು ಬಿಟ್ಟು. ಮರಿಗಳನ್ನು ಇವತ್ತೇ ಆ ಬಳ್ಳಿಗೆ ಬಿಟ್ಟು ಬಂದೆ. ಇಪ್ಪತ್ತೇಳೂ ಇವೆ.