ಎರಡೂ ಕಡೆಯವರ ಒಪ್ಪಿಗೆ

ಸೋಮವಾರ, ಸಂಜೆ

ಎದುರು ಗ್ಯಾಲರಿಯ ಯಜಮಾನರಿಗೆ ನಮಸ್ಕಾರಗಳು.

ನಾವಿಬ್ಬರೂ ನೇರವಾಗಿ ಮಾತುಕತೆ ಇಟ್ಟುಕೊಳ್ಳಬಾರದು, ಏನಿದ್ದರೂ ತಮ್ಮ ಮೂಲಕವೇ ಹೋಗಬೇಕು ಎಂದು ವಕೀಲರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಇದು ಫುಟ್‌ಬಾಲ್ ವಿಷಯ. ವಿಚ್ಛೇದನದ ಬಗ್ಗೆ ಇದರಲ್ಲಿ ಒಂದಕ್ಷರವೂ ಇಲ್ಲ, ಧೈರ್ಯವಾಗಿ ಓದಿ. ಮೊದಲ ವಿಚಾರಣೆಯಲ್ಲಿ ಇಬ್ಬರೂ ಒಪ್ಪಿಗೆ ಎಂದಾಗಿದೆ, ಗುರುವಾರ ಇನ್ನೊಮ್ಮೆ ಎಂದರೆ ಮುಗಿಯಿತು, ಅದರಲ್ಲಿ ಬರೆಯುವುದಕ್ಕೆ ಉಳಿದಿರುವುದಾದರೂ ಏನು?

ಶನಿವಾರದಿಂದ ನನಗೆ ಕೈಕಾಲು ಆಡುತ್ತಿಲ್ಲ. ಇವತ್ತು ಬೆಳಗ್ಗೆ ಒಬ್ಬರ ಮೇಲ್ದವಡೆಯ ಅಚ್ಚಿಗೆ ಕೆಳಗಿನ ಹಲ್ಲುಗಳನ್ನು ಜೋಡಿಸಿ, ಮೇಣ ತಿದ್ದಿ, ಚಂದ ಬಂತೆಂದು ತಿರುಗಿಸಿ ತಿರುಗಿಸಿ ನೋಡುತ್ತ ಕೂತಿದ್ದೆ. ಪಕ್ಕದ ಮೇಜಿನವಳು ‘ಏನಕ್ಕಾ, ಇದನ್ನ ಹಾಕ್ಕೊಂಡೋರು ತಲೆಕೆಳಗಾಗಿ ನಿಂತು ತಿನ್ಬೇಕಾ?’ ಎಂದು ಕೇಳಿದಾಗಲೇ ನನಗೆ ಎಚ್ಚರವಾದದ್ದು. ಇಷ್ಟು ವರ್ಷ ಹಲ್ಲಿನ ಸೆಟ್ ಮಾಡಿದ ಕೈ ಇದು. ಎಂದೂ ಹೀಗಾಗಿರಲಿಲ್ಲ.

ಆ ಪ್ರಕಟಣೆ ಮೈಕಿನಲ್ಲಿ ಬಂದಾಗ ನೀವೂ ಅಲ್ಲೇ ಇದ್ದಿರಿ, ಆದರೂ ಬರೆಯುತ್ತೇನೆ. ಬರೆದರಾದರೂ ನಂಬಿಕೆ ಬರಬಹುದು. ನೀವು ಮನೆ ಬಿಟ್ಟು ನಿಮ್ಮ ಲಿಫ್ಟ್ ಕಂಪನಿಯ ಶೆಡ್ಡಿನ ಮೇಲಿನ ಕೋಣೆಗೆ ಹೋದ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ನಮ್ಮ ಹಳದಿಗೂ ನಿಮ್ಮ ನೀಲಿಗೂ ಪಂದ್ಯ ಇದ್ದಾಗ ಮಾತ್ರ. ಮಧ್ಯಂತರದಲ್ಲಿ ನಿಮ್ಮ ಗ್ಯಾಲರಿಗೂ ನಮ್ಮ ಗ್ಯಾಲರಿಗೂ ನಡುವಿನ ತಂತಿ ಬೇಲಿಯ ಹತ್ತಿರ, ಆ ಸೋರುವ ನಲ್ಲಿಯ ಪಕ್ಕ. ನೀವು, ನನ್ನ ಜೊತೆಗೇ ಉಳಿದ ನಿಮ್ಮ ಅಮ್ಮನ ಕಣ್ಣಿನ ಔಷಧ ಬೇಲಿಯ ಸಂದಿಯಿಂದ ಈಚೆ ಕೊಡುವುದು, ಅಡುಗೆಮನೆಯ ಕಿಟಕಿ ಈಗ ಸರಿಯಾಗಿ ಮುಚ್ಚುತ್ತದೆಯೇ ಎಂದು ಕೇಳುವುದು, ನಾನು ಎಲ್ಲಾ ಚೆನ್ನಾಗಿದೆ ಎನ್ನುವುದು. ಶನಿವಾರವೂ ಅಷ್ಟೇ ಆಗಿತ್ತು. ಅಷ್ಟರಲ್ಲಿ ಮೈಕು ಗೊರಗೊರ ಎಂದಿತು. ಎರಡೂ ಕ್ಲಬ್ಬಿನ ಅಭಿಮಾನಿ ಸಂಘಗಳು ಒಪ್ಪಿಗೆ ಕೊಟ್ಟಿರುವುದರಿಂದ ಲೀಗಿನ ಹೊಸ ವ್ಯವಸ್ಥೆ ಮುಂದಿನ ವರ್ಷ ಜಾರಿಗೆ ಬರುತ್ತದೆ, ಹಳದಿ–ನೀಲಿ ತಂಡಗಳ ಪಂದ್ಯ ಇದೇ ಕೊನೆಯದು, ಸಹಕರಿಸಿದ ಅಭಿಮಾನಿಗಳಿಗೆ ಧನ್ಯವಾದ ಎಂದರು.

ನೀವು ನನ್ನನ್ನೇ ನೋಡುತ್ತಿದ್ದಿರಿ. ‘ನಿಮ್ಮವರು ಬೇಡ ಅನ್ನಲಿಲ್ವಾ?’ ಎಂದು ಕೇಳಿದಿರಿ. ‘ನಿಮ್ಮವರು ಅನ್ನಲಿಲ್ವಾ?’ ಎಂದು ನಾನು ಕೇಳಿದೆ. ಔಷಧದ ಡಬ್ಬಿ ನಿಮ್ಮ ಕೈಯಲ್ಲೇ ಉಳಿಯಿತು. ಅದನ್ನು ಅತ್ತೆಯ ಕೈಯಲ್ಲಿ ಕಳಿಸಿಕೊಡಿ, ಈ ಕಾಗದ ತರುತ್ತಿರುವುದು ಅವರೇ.

ನಾನು ಮೇಲೆ ಹತ್ತಿ ಬಂದು ನೋಡಿದರೆ ನಮ್ಮ ಗ್ಯಾಲರಿಯಲ್ಲಿ ಎಲ್ಲರೂ ಗರಬಡಿದವರಂತೆ ಕೂತಿದ್ದಾರೆ. ಅತ್ತೆಯ ಬಾಯಿ ತೆರೆದದ್ದು ತೆರೆದೇ ಇತ್ತು, ಮೇಲಿನ ಸೆಟ್ ಜಾರಿ ಮಡಿಲಲ್ಲಿ ಬಿದ್ದಿತ್ತು. ನಾನು ಕೈಯಾರೆ ಮಾಡಿಕೊಟ್ಟ ಸೆಟ್ ಅದು, ಎಂಥ ಗಟ್ಟಿ ಬಿಸ್ಕತ್ತು ಕಡಿದರೂ ಅಲುಗಿದ್ದಿಲ್ಲ! ದ್ವಿತೀಯಾರ್ಧಕ್ಕೆ ಬಂದ ಆಟಗಾರರು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ನೋಡಿದರು. ಯಾರೂ ಕೂಗುತ್ತಿಲ್ಲ, ಯಾರೂ ಬೈಯುತ್ತಿಲ್ಲ. ಚೆಂಡಿಗೆ ಬೂಟು ತಗಲುವ ಸದ್ದು ನನಗೆ ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿಸಿತು. ನಿಮ್ಮವರು ಗೋಲು ಹೊಡೆದಾಗ ನಿಮ್ಮ ಕಡೆಯೂ ಯಾರೂ ಏಳಲಿಲ್ಲ, ಅದನ್ನು ನಾನು ಗಮನಿಸಿದೆ.

ಇದು ಹೇಗಾಯಿತು ಎಂದು ಭಾನುವಾರವೆಲ್ಲ ಯೋಚಿಸಿದೆ. ಆಟ ಜಾಸ್ತಿಯಾಗಿ ಆಟಗಾರರು ಸೊರಗುತ್ತಿದ್ದಾರೆ ಎಂದು ಮಂಡಳಿಯವರು ಲೀಗನ್ನು ಎರಡು ತುಂಡು ಮಾಡುವ ಪ್ರಸ್ತಾವ ತಂದರು. ರೈಲು ಹಳಿಯ ಆಚೆಯ ನಿಮ್ಮಂಥ ತಂಡಗಳದ್ದು ಒಂದು ಗುಂಪು, ಈಚೆಯ ನಮ್ಮಂಥವರದ್ದು ಇನ್ನೊಂದು. ಹಿಂದೆ ಕಪ್ ಪಂದ್ಯಾವಳಿಯಲ್ಲಾದರೂ ಎಲ್ಲರ ಹೆಸರಿನ ಚೀಟಿ ಎತ್ತುತ್ತಿದ್ದರು. ಇನ್ನು ಮೇಲೆ ಪ್ರತಿ ಗುಂಪಿನ ಮೊದಲ ಎರಡು ತಂಡಗಳಿಗೆ ಮಾತ್ರ ಕಪ್. ನಿಮ್ಮವರು ಮೊದಲ ಎರಡರೊಳಗೆ ಬರುವ ಹೊತ್ತಿಗೆ ನನಗೇ ಒಂದು ಹಲ್ಲಿನ ಸೆಟ್ ಬೇಕಾಗಿರುತ್ತದೆ. ಅಂದರೆ ಹಳದಿಗೂ ನೀಲಿಗೂ ಇನ್ನು ಮುಖಾಮುಖಿಯೇ ಇಲ್ಲ. ಆದರೆ ಮಂಡಳಿಯವರು ಒಂದು ಒಳ್ಳೆಯ ಮಾತನ್ನೂ ಸೇರಿಸಿದ್ದರು: ಹಳೆಯ ಎದುರಾಳಿಗಳನ್ನು ಬೇರೆ ಮಾಡಬೇಕಾದರೆ ಎರಡೂ ಕಡೆಯ ಅಭಿಮಾನಿಗಳು ಒಪ್ಪಬೇಕು, ಒಬ್ಬರು ಬೇಡ ಎಂದರೂ ಪ್ರಸ್ತಾವ ಬಿದ್ದುಹೋಗುತ್ತದೆ. ಒಬ್ಬರು ಬೇಡ ಎಂದಿದ್ದರೆ ಸಾಕಿತ್ತು!

ನಮ್ಮ ಸಭೆ ಬಣ್ಣದಂಗಡಿಯ ಮಹಡಿಯ ಮೇಲೆ ನಡೆಯಿತು. ಟರ್ಪೆಂಟೈನ್ ವಾಸನೆಗೆ ಅರ್ಧ ಜನ ಕೆಮ್ಮುತ್ತಿದ್ದರು. ಬಂದವರೆಲ್ಲ ಬೇಡ ಎನ್ನಲಿಕ್ಕೇ ಬಂದವರು. ನಾನಂತೂ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಏನು ಮಾತಾಡಬೇಕೆಂದು ಕನ್ನಡಿಯ ಮುಂದೆ ಹೇಳಿಕೊಂಡು ಹೋಗಿದ್ದೆ. ಆಗ ನಮ್ಮ ಅಧ್ಯಕ್ಷರು, ಅದೇ ಕನ್ನಡಕದಂಗಡಿಯವರು, ನೀಲಿಯವರು ಏನು ಮಾಡುತ್ತಾರಂತೆ ಎಂದು ಕೇಳಿದರು. ಎಲ್ಲರ ಕಣ್ಣೂ ನನ್ನ ಮೇಲೆ. ಅತ್ತೆ ಹಿಂದಿನ ದಿನವಷ್ಟೇ ನಿಮಗೆ ಫೋನ್ ಮಾಡಿ ವಿಚಾರಿಸಿದ್ದರು. ಅವರು ಬೇಡ ಅಂತಾರೆ, ಖಾತ್ರಿ, ನಮ್ಮನೆಯವರೇ ಹೇಳಿದ್ದು ಎಂದೆ. ನಮ್ಮನೆಯವರು ಎಂದುಬಿಟ್ಟೆ ನೋಡಿ, ಅಭ್ಯಾಸ.

ಆ ಮಾತಿಗೆ ಕನ್ನಡಕದವರ ಮುಖ ಅರಳಿತು. ‘ಹಾಗಿದ್ರೆ ಅದು ಹೇಗೂ ಬಿದ್ದೇ ಹೋಗತ್ತೆ ಬಿಡಿ. ನಾವ್ಯಾಕೆ ಅಳ್ಬೇಕು? ನಾವು ಒಪ್ಪಿಗೆ ಅಂತ ಬರೆದು ಕಳಿಸೋಣ. ನೀಲಿಯವರಿಲ್ದೆ ಇದ್ರೆ ನಮ್ಗೇನೂ ನಷ್ಟ ಇಲ್ಲ ಅಂತ ಎಲ್ರಿಗೂ ಗೊತ್ತಾಗ್ಲಿ. ಅವ್ರು ಬೇಡ ಬೇಡ ಅಂತ ಕಾಲು ಹಿಡ್ಕೊಳ್ಳಲಿ!’ ಎಂದರು. ಜನ ಬಿದ್ದು ಬಿದ್ದು ನಕ್ಕರು. ಹಳದಿ ಮಫ್ಲರುಗಳು ಮೇಲೆದ್ದವು. ನನ್ನದೂ ಎದ್ದಿತು. ಕನ್ನಡಿಯ ಮುಂದೆ ಹೇಳಿಕೊಂಡದ್ದೆಲ್ಲ ಎಲ್ಲಿ ಹೋಯಿತೋ. ನೀವು ಹೇಗೂ ಬೇಡ ಅನ್ನುತ್ತೀರಲ್ಲ ಎಂಬ ಧೈರ್ಯದ ಮೇಲೆ, ಬೇಕೇ ಬೇಕಾದದ್ದನ್ನು ನಾನು ನಗುನಗುತ್ತ ಬಿಟ್ಟುಕೊಟ್ಟು ಬಂದೆ.

ಅತ್ತೆ ಶನಿವಾರ ಸಂಜೆ ನಿಮ್ಮನ್ನು ಫೋನಿನಲ್ಲಿ ಚೆನ್ನಾಗಿ ಬೈದರಲ್ಲ, ಆಗ ನಾನು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದೆ. ನಿಮ್ಮ ಸಭೆಯಲ್ಲೂ ಇದೇ ನಾಟಕವಂತೆ. ಹಳದಿಯವರಿಗೆ ಬೇಡವಂತೆ, ಅವಳೇ ಅಮ್ಮನ ಹತ್ತಿರ ಹೇಳಿದ್ದಾಳೆ ಎಂದು ನೀವೇ ಎದ್ದು ನಿಂತು ಹೇಳಿದಿರಂತೆ. ಹಾಗಾದರೆ ನಾವು ದೊಡ್ಡ ಮನಸ್ಸು ಮಾಡಿ ಒಪ್ಪಿಗೆ ಕೊಡೋಣ ಎಂದು ನಿಮ್ಮ ಪ್ಲಂಬರ್ ಅಧ್ಯಕ್ಷರು ಹೇಳಿದರಂತೆ. ಕೇಳುತ್ತ ಕೇಳುತ್ತ ನನ್ನ ಕೈಯಲ್ಲಿದ್ದ ಟವೆಲ್ ಕೆಳಗೆ ಬಿತ್ತು. ಯಾರಾದರೂ ಸುಳ್ಳು ಹೇಳಿದ್ದರೆ ಅವರ ಮೇಲೆ ಹರಿಹಾಯಬಹುದಿತ್ತು. ಇಲ್ಲಿ ನೀವೂ ನಿಜ ಹೇಳಿದಿರಿ, ನಾನೂ ನಿಜ ಹೇಳಿದೆ, ಅತ್ತೆಯೂ ಇದ್ದದ್ದನ್ನು ಇದ್ದ ಹಾಗೆ ದಾಟಿಸಿದರು. ಯಾರಿಗೂ ಬೇಡದ್ದನ್ನು ಎಲ್ಲರೂ ಕೂಡಿ ಒಪ್ಪಿ ಕೂತೆವು. ಇಂಥದ್ದು ಆಗುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಲೇ ಇರಲಿಲ್ಲ.

ಅಲ್ಲಿಂದೀಚೆಗೆ ಅತ್ತೆ ನನ್ನ ಮುಖವನ್ನೇ ನೋಡುತ್ತಾರೆ, ಏನೋ ಹೇಳಲು ಬಾಯಿ ತೆರೆಯುತ್ತಾರೆ, ಸುಮ್ಮನಾಗುತ್ತಾರೆ. ನಿಮ್ಮ ಹೆಸರು ಹೇಳಿದರೆ ಮಾತ್ರ ‘ನನ್ನ ಹೊಟ್ಟೇಲಿ ಹುಟ್ಟಿ ನೀಲಿ ಆದ್ನಲ್ಲ, ಅವತ್ತೇ ಗೊತ್ತಾಗ್ಬೇಕಿತ್ತು’ ಎನ್ನುತ್ತಾರೆ. ಅದು ಹಳೆಯ ರಾಗ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಈಗ ಕೆಲಸದ ಮಾತು. ಮಂಡಳಿಯ ಕಚೇರಿಗೆ ಫೋನ್ ಮಾಡಿ ವಿಚಾರಿಸಿದೆ. ಈ ವಾರ ಮುಗಿಯುವುದರೊಳಗೆ ಎರಡು ಸಂಘಗಳಲ್ಲಿ ಒಂದಾದರೂ ಒಪ್ಪಿಗೆ ವಾಪಸ್ ಪಡೆದರೆ ಎಲ್ಲವೂ ಮೊದಲಿನಂತೆಯೇ ಇರುತ್ತದಂತೆ. ಅದನ್ನು ಕೇಳಿದ ಕೂಡಲೇ ಕನ್ನಡಕದಂಗಡಿಗೆ ಓಡಿದೆ. ಅವರು ಒಂದು ಫ್ರೇಮಿನ ತಿರುಪು ಬಿಗಿ ಮಾಡುತ್ತ, ಕತ್ತು ಎತ್ತದೆ, ಮೊದಲು ನೀಲಿಯವರು ವಾಪಸ್ ಪಡೆಯಲಿ ಎಂದರು. ನನಗೆ ಎಲ್ಲಿತ್ತೋ ಸಿಟ್ಟು! ಅಂಗಡಿಗೆ ಬಂದವರೆಲ್ಲ ನೋಡುತ್ತಿದ್ದರೂ ಲೆಕ್ಕಿಸದೆ ಕೂಗಾಡಿಬಿಟ್ಟೆ. ಅವರು ಹೇಗೂ ಮಾಡ್ತಾರೆ ಅಂತ ಕೂತು ಕೂತೇ ಅಲ್ವಾ ನಾವು ಹಾಳಾಗಿದ್ದು, ಮೊದಲು ಬೇಡ ಅಂದರೆ ನಿಮ್ಮ ಮೂಗೇನು ಉದುರಿಹೋಗತ್ತಾ ಎಂದೆ. ಕೂಗುತ್ತ ಕೂಗುತ್ತ ಅಳುವೇ ಬಂತು. ಫುಟ್‌ಬಾಲಿಗೆ ಹೀಗೆ ಅಳುವವರನ್ನು ಅವರು ನೋಡಿರಲಿಲ್ಲವೋ ಏನೋ, ಹೆದರಿ ರುಜು ಹಾಕಿದರು. ಆ ಕಾಗದ ಇವತ್ತೇ ಮಂಡಳಿಗೆ ತಲುಪಿದೆ.

ಆದ್ದರಿಂದ ಪಂದ್ಯ ಉಳಿಯಿತು. ನಿಮ್ಮ ಪ್ಲಂಬರ್ ಸಾಹೇಬರಿಗೆ ತಿಳಿಸಿ, ಹಳದಿಯವರು ಹೆದರಿದರು ಎಂದು ಅವರು ಎಷ್ಟು ಬೇಕಾದರೂ ನಗಲಿ. ನಿಮಗೂ ನಗಬೇಕೆನಿಸಿದರೆ ನಗಿ, ನನಗೆ ಬೇಸರವಿಲ್ಲ. ನನ್ನ ದಿಗಿಲು ಮಾತ್ರ ಇನ್ನೂ ಹೋಗಿಲ್ಲ. ಪಂದ್ಯ ಉಳಿದ ಮೇಲೂ ಯಾಕೆ ಹೋಗುತ್ತಿಲ್ಲ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ.

ಶೆಡ್ಡಿನ ಮೇಲೆ ಸೆಕೆ ಇರಬಹುದು, ಕಿಟಕಿ ತೆರೆದು ಮಲಗಿ. ಲಿಫ್ಟಿನ ಗುಂಡಿಗೆ ಇಳಿಯುವಾಗ ಹುಷಾರು.

ಇತಿ,
ಸದ್ಯಕ್ಕೆ ನಿಮ್ಮ ಹೆಂಡತಿ

ತಾ.ಕ.: ಒಂದಕ್ಷರವೂ ಬರೆಯುವುದಿಲ್ಲ ಎಂದಿದ್ದೆ, ಆಗಲಿಲ್ಲ. ಮೊದಲ ವಿಚಾರಣೆಯಲ್ಲಿ ಒಪ್ಪಿಗೆ ಇದೆಯೇ ಎಂದು ನ್ಯಾಯಾಧೀಶರು ನನ್ನನ್ನು ಕೇಳಿದಾಗ ನಾನು ಹೂಂ ಅಂದದ್ದು, ನೀವು ಹೇಗೂ ಇಲ್ಲ ಅನ್ನುತ್ತೀರಿ ಎಂದುಕೊಂಡು. ನೀವು ಯಾಕೆ ಹೂಂ ಅಂದಿರೋ ನನಗೆ ಗೊತ್ತಿಲ್ಲ, ಶನಿವಾರದಿಂದ ಮಾತ್ರ ಒಂದು ಅನುಮಾನ ಶುರುವಾಗಿದೆ. ಗುರುವಾರ ನಾನು ಇಲ್ಲ ಅನ್ನುತ್ತೇನೆ. ಹೇಗೂ ಅವಳು ಇಲ್ಲ ಅನ್ನುತ್ತಾಳಲ್ಲ ಎಂದುಕೊಂಡು, ದಯವಿಟ್ಟು, ನೀವು ಹೂಂ ಅಂದುಬಿಡಬೇಡಿ.