ಸುಣ್ಣದ ಚುಕ್ಕೆ ಇಟ್ಟ ಪೆಟ್ಟಿಗೆಗಳು

ಹಾಸ್ಟೆಲ್, ಸುರಬಾಯಾ
ಸೆಪ್ಟೆಂಬರ್, ಭಾನುವಾರ

ಪ್ರೀತಿಯ ಅಮ್ಮ, ನನ್ನ ಇಬು,

ನಿಮ್ಮ ಮುದ್ದಿನ ಮಗಳು ಲಾರಸ್‌ಳ ವಂದನೆಗಳು. ಈ ಹೊತ್ತಿಗೆ ನೀವು ತೈಚುಂಗ್‌ನಲ್ಲಿ ನೀವು ನೋಡಿಕೊಳ್ಳುವ ಆ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಪಾರ್ಕಿಗೆ ಕರೆದುಕೊಂಡು ಹೋಗಿ, ಬಿಸಿಲು ಮುಖಕ್ಕೆ ಬೀಳದ ಹಾಗೆ ಅಡ್ಡ ನಿಂತಿರುತ್ತೀರಿ. ಈ ಕಾಗದವನ್ನು ಅಲ್ಲಿ ಒಡೆಯಬೇಡಿ. ನಿಮ್ಮ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು ಓದಿ.

ಕೈಯಲ್ಲಿ ಫೋನಿರುವಾಗ ಕಾಗದ ಯಾಕೆ ಅಂತೀರಿ. ಪೆಸಾಂತ್ರೆನ್ ಮದರಸಾದ ಹಾಸ್ಟೆಲ್‌ನಲ್ಲಿ ಓದುವಾಗ ಫೋನಿಗೆ ಅವಕಾಶ ಇರಲಿಲ್ಲವಲ್ಲ, ಆ ಅಭ್ಯಾಸ. ನನಗೆ ನೀವು ಮೊದಲು ಅಕ್ಷರ, ಆಮೇಲೆ ದನಿ. ಫೋನಿನಲ್ಲಿ ನೀವು ‘ಊಟ ಆಯ್ತಾ?’ ಅಂದ ಕೂಡಲೇ ನಾನು ಹೇಳಬೇಕೆಂದಿದ್ದೆಲ್ಲ ಬಿಟ್ಟು ಊಟದ್ದೇ ಹೇಳಿ ಫೋನಿಡುತ್ತೇನೆ. ಇಲ್ಲಿ ಪಾಠವೆಲ್ಲ ಇಂಗ್ಲಿಷ್. ಲ್ಯಾಬ್‌ನಲ್ಲಿ ಮೇಷ್ಟ್ರು ಪಕ್ಕಕ್ಕೆ ಬಂದು ನಿಂತರೆ ಸಾಕು, ಟೆನ್ಷನ್‌ಗೆ ಬಲಗೈ ನಡುಗಿ ಸೂಜಿಯಷ್ಟು ತಂತಿಯೂ ಜಾಗಕ್ಕೆ ಕೂರುವುದಿಲ್ಲ. ಈಗಲೂ ನಡುಗುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ವಿಷಯಕ್ಕೆ ಬರುತ್ತೇನೆ. ನಿಮ್ಮ ನಾದಿನಿ ಬುಲಿಕ್ ತಿನಾ ಹೇಳಿದರು, ನೀವು ಅಲ್ಲಿ ಕೆಲಸದ ಇನ್ನೊಂದು ಒಪ್ಪಂದಕ್ಕೆ ಸಹಿ ಹಾಕುವವರಿದ್ದೀರಂತೆ. ‘ಹೆತ್ತ ತಾಯಿಯನ್ನೇ ಸದ್ದಿನಲ್ಲಿ ಕೊಂದವನ ಮನೆಗೆ ಏನು ನೋಡೋಕೆ ಬರಲಿ?’ ಅಂದಿರಂತೆ. ಬಾಪಾಗೆ ನೀವು ಕೊನೆಯದಾಗಿ ಹೇಳಿದ ಮಾತು ನನಗೂ ಕೇಳಿಸಿತ್ತು. ‘ಇನ್ನು ನಿಮ್ಮ ಪೆಟ್ಟಿಗೆಗಳ ಜೊತೇನೇ ಸಂಸಾರ ಮಾಡ್ಕೊಳ್ಳಿ’ ಎಂದು ಫೋನಿಟ್ಟಿರಿ. ಆಮೇಲೆ ಅವರು ಮಾಡಿದಾಗ ಎತ್ತಲೇ ಇಲ್ಲ.

ಇಬು, ಬಾಪಾ ನಿಮಗೆ ಹೇಳಿದ್ದು ಸುಳ್ಳು. ಮೆರವಣಿಗೆಯ ಗಡಿಬಿಡಿಯಲ್ಲಿ ಉತಿ ಅಜ್ಜಿಯನ್ನು ಬೇರೆ ಊರಿಗೆ ಸಾಗಿಸುವುದು ಮರೆತೆ, ಸ್ಪೀಕರ್ ಲಾರಿ ಮನೆ ಮುಂದೆ ಹಾಯುವಾಗ ಉತಿ ಜಗುಲಿಯಲ್ಲೇ ಕುಸಿದರು ಎಂದರಲ್ಲ, ಹಾಗಾಗಲಿಲ್ಲ. ಲಾರಿ ನಮ್ಮ ಬೀದಿಗೆ ತಿರುಗುವಾಗ ಉತಿ ಊರಲ್ಲೇ ಇರಲಿಲ್ಲ. ಜೊತೆಗೆ ನಾನಿದ್ದೆ, ನನಗೆ ಗೊತ್ತು.

ಇದನ್ನು ಬರೆದಿದ್ದು ಬಾಪಾಗೆ ಗೊತ್ತಾದರೆ ನನ್ನ ಜೊತೆ ಮಾತು ಬಿಡುತ್ತಾರೆ. ಆದರೂ ಬರೆಯುತ್ತೇನೆ.

ನೀವು ತೈವಾನಿಗೆ ಹೋದ ಮೇಲೆ ಬಾಪಾಗೆ ಪೆಟ್ಟಿಗೆಗಳ ಹುಚ್ಚು ಹೆಚ್ಚಾಯಿತು ಎಂದು ನಿಮಗೆ ಸಿಟ್ಟು. ಬರೀ ಹುಚ್ಚಾಗಿರಲಿಲ್ಲ ಅದು. ರಜೆಗೆ ಮನೆಗೆ ಬಂದಾಗಲೆಲ್ಲ ಅಂಗಳದಲ್ಲಿ ಒಂದೇ ದೃಶ್ಯ. ಬಾಪಾ ದಪ್ಪ ಪ್ಲೈವುಡ್ ಕೊಯ್ದು, ಮೂಲೆ ಕೂಡಿಸಿ, ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಸಂದಿಗಳಿಗೆ ಮೆತ್ತುವರು. ಆಳೆತ್ತರದ ಪೆಟ್ಟಿಗೆ, ಹೊಟ್ಟೆಯೊಳಗೆ ತಟ್ಟೆಯಗಲದ ಸ್ಪೀಕರ್. ಗಾಳಿ ಎಲ್ಲಾದರೂ ಸೋರುತ್ತದೆಯೇ ಎಂದು ನೋಡಲು ಸದ್ದು ಹಾಕಿ, ಲವಂಗದ ಸಿಗರೇಟಿನ ಹೊಗೆಯನ್ನು ಸಂದಿಯುದ್ದಕ್ಕೂ ಹಿಡಿಯುವರು. ಹೊಗೆ ಎಲ್ಲಿ ಬಾಗಿತೋ ಅಲ್ಲಿ ಮತ್ತೆ ಅಂಟು. ಲಾರಿ ಓಡಿಸುವ ಚಾಕ್ ಸಮಿನ್ ಗೇಲಿ ಮಾಡುತ್ತಿದ್ದರು: “ಏನಪ್ಪಾ ಗಿತೋ, ನೀನು ಸೇದೋದಕ್ಕಿಂತ ನಿನ್ನ ಪೆಟ್ಟಿಗೆನೇ ಜಾಸ್ತಿ ಸೇದುತ್ತಲ್ಲೋ!”

ಹೊಗೆಯ ಪರೀಕ್ಷೆ ಮುಗಿದ ಮೇಲೆ ಉತಿಯ ಪರೀಕ್ಷೆ. ಜ್ವರದಲ್ಲಿ ಕಿವಿ ಹೋದಮೇಲೆ ಉತಿಗೆ ಮಸೀದಿಯ ಕರೆಯೂ ಇಲ್ಲ, ಕೋಳಿ ಕೂಗೂ ಇಲ್ಲ. ನಮ್ಮ ತುಟಿ ನೋಡಿ ಅರ್ಧ ತಿಳಿಯುತ್ತಿದ್ದರು, ಉಳಿದರ್ಧ ತಾವೇ ಸೇರಿಸಿಕೊಳ್ಳುತ್ತಿದ್ದರು. ಅವರ ಒಳಗೆ ಇಳಿಯುತ್ತಿದ್ದದ್ದು ಮಗನ ಪೆಟ್ಟಿಗೆಯ ಸದ್ದೊಂದೇ. ಅಂಗಾಲಿನಿಂದ ಹತ್ತಿ ಎದೆಯಲ್ಲಿ ಕೂರುತ್ತಿತ್ತಂತೆ. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಪೆಟ್ಟಿಗೆಯ ಮೈಮೇಲೆಲ್ಲ ಅಂಗೈ ಆಡಿಸುವರು. ಎಲ್ಲಿ ಹಲಗೆ ತಾನೇ ನಡುಗುತ್ತಿದೆ ಅನ್ನಿಸಿತೋ ಅಲ್ಲಿ, ಎಲೆಗೆ ಹಚ್ಚುವ ಸುಣ್ಣದಲ್ಲಿ ಬೆರಳದ್ದಿ, ಒಂದು ಬಿಳಿ ಚುಕ್ಕೆ. “ಇಲ್ಲೊಂದು ಆಸರೆ ಕೊಡೋ ಗಿತೋ. ಪೆಟ್ಟಿಗೆ ನಡುಗಬಾರ್ದು, ಗಾಳಿ ನಡುಗ್ಬೇಕು.” ಬಾಪಾ ಪೆಟ್ಟಿಗೆ ಬಿಚ್ಚಿ, ಆ ಚುಕ್ಕೆಯ ಹಿಂದುಗಡೆ ಒಳಗೆ ಅಡ್ಡಪಟ್ಟಿ ಕೂರಿಸಿ ಮತ್ತೆ ಮುಚ್ಚುವರು. ಆಮೇಲೆ ಕಪ್ಪು ಬಣ್ಣ ಬಿದ್ದರೆ ಚುಕ್ಕೆ ಮಾಯ.

ಈ ಸಲದ ಆಗಸ್ಟಿನ ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಊರಿನವರು ಬಾಪಾ ಮಾಡಿದ ಹೊಸ ಪೆಟ್ಟಿಗೆಗಳನ್ನೇ ಮುಂದಿನ ಲಾರಿಗೆ ಆರಿಸಿದ್ದರು. ಮೆರವಣಿಗೆಗೆ ಮೊದಲು ಊರು ಹೇಗಿರುತ್ತದೆ ನಿಮಗೆ ಗೊತ್ತು. ಸದ್ದಿಗೆ ಒಡೆಯದ ಹಾಗೆ ಕಿಟಕಿಯ ಗಾಜು ಕಳಚಿ ಹಾಸಿಗೆಗಳ ನಡುವೆ ಇಡುವುದು, ಹೆಂಚು ಕಟ್ಟುವುದು, ಹಸುಗೂಸು ಮತ್ತು ಎದೆನೋವಿನವರನ್ನು ನೆಂಟರ ಊರಿಗೆ ಸಾಗಿಸುವುದು. ಉತಿಗೆ ಮೊದಲೇ ಎದೆ ದುರ್ಬಲ. ನೀವು ತೈಚುಂಗ್‌ನ ಡಾಕ್ಟರನ್ನು ಕೇಳಿ, ಬಾಪಾಗೆ ಫೋನ್ ಮಾಡಿ ಆಣೆ ಹಾಕಿಸಿಕೊಂಡಿರಿ: ‘ನಿಮ್ಮ ಸದ್ದು ಶುರುವಾಗೋ ಮುಂಚೆ ಅತ್ತೆ ಆ ಊರಲ್ಲಿ ಇರಬಾರ್ದು. ಬೆಟ್ಟದ ಮೇಲೆ ತಿನಾ ಮನೆಗೆ ಕಳಿಸಿ.’

ಬಾಪಾ ಆ ಆಣೆಯನ್ನು ನಡೆಸಿಕೊಟ್ಟರು, ಇಬು. ನಿಮಗೆ ಹೇಳದೆ ಉಳಿಸಿದ್ದು ಇದನ್ನೇ.

ಉತಿ ಸುಲಭಕ್ಕೆ ಹೊರಡಲಿಲ್ಲ. ಕಂಬ ತಬ್ಬಿಕೊಂಡು ಕೂತುಬಿಟ್ಟರು. “ಕಿವುಡಿಗೆ ಸದ್ದಿನ ಭಯವಾ? ಯಾರಿಗೆ ಹೇಳ್ತೀಯೋ ಇದನ್ನ?” ಎಂದು ಬೀದಿಗೆಲ್ಲ ಕೇಳಿಸುವಂತೆ ಕೂಗಿದರು. ಗಾಜು ಕಳಚುತ್ತಿದ್ದ ಆಚೆಮನೆಯವರು ನಕ್ಕರು. ಬಾಪಾ ಮೊಣಕಾಲೂರಿ, ತುಟಿ ಕಾಣುವ ಹಾಗೆ ಮುಖ ಎತ್ತಿ, “ನಿನ್ನ ಸೊಸೆ ಹೇಳಿದ್ದಾಳೆ ಕಣಮ್ಮ” ಅಂದರು. ಉತಿ ಕಂಬ ಬಿಟ್ಟರು. “ಅವಳು ಹೇಳಿದ್ಲಾ? ಹಾಗಾದ್ರೆ ನಡಿ” ಎಂದು ಎಲೆಯಡಿಕೆ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ನಿಮ್ಮ ಮಾತಿಗೆ ಅಷ್ಟು ಬೆಲೆ ಇತ್ತು.

ಬುಲಿಕ್ ತಿನಾ ಮನೆ ನಿಮಗೆ ಗೊತ್ತಲ್ಲ, ಕೋಸಿನ ಹೊಲದ ಆಚೆ, ಸದ್ದೇ ಹತ್ತದ ಜಾಗ. ಬುಲಿಕ್ ತೆಂಗಿನಹಾಲಿನ ಲೋಡೆ ಸಾರು ಮಾಡಿ, ಸೋಯಾದ ತೆಂಪೆ ಬಿಲ್ಲೆ ಕರಿದಿಟ್ಟರು. ಉತಿ ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಮಧ್ಯಾಹ್ನ ಕಳೆದ ಮೇಲೆ ಹಲಗೆ ಮಂಚದಲ್ಲಿ ಮಲಗಿ, ಅಂಗೈಯನ್ನು ಗೋಡೆಗೆ ಒತ್ತಿ ನೋಡಿದರು, ಆಮೇಲೆ ನೆಲಕ್ಕೆ, ಆಮೇಲೆ ಮಂಚದ ಹಲಗೆಗೆ. “ಇನ್ನೂ ಶುರು ಆಗಿಲ್ವಾ ಗಿತೋದು?” ಎಂದು ಕೇಳಿದರು. ಶುರುವಾಗಿದೆ, ಇಲ್ಲಿಗೆ ಮುಟ್ಟುವುದಿಲ್ಲ ಎಂದು ನಾನು ತುಟಿಯಲ್ಲಿ ಹೇಳಿದೆ. ತಿಳಿಯಲಿಲ್ಲವೋ, ತಿಳಿಯುವುದು ಬೇಡವಾಗಿತ್ತೋ. ಮತ್ತೆ ಅದನ್ನೇ ಕೇಳಿದರು.

ಅವರ ತುಟಿ ನೀಲಿಯಾಗುತ್ತಿದ್ದುದನ್ನು ನೋಡಿ ಬುಲಿಕ್ ಗಾಡಿ ತರಲು ಓಡಿದರು. ನಾನು ಬಾಪಾಗೆ ಫೋನ್ ಮಾಡುತ್ತಲೇ ಇದ್ದೆ. ಆ ಸದ್ದಿನಲ್ಲಿ ಅವರಿಗೆಲ್ಲಿ ಕೇಳಿಸಬೇಕು. ಏನು ಮಾಡಲೂ ತೋಚದೆ ಮಂಚದ ಕಾಲಬದಿಗೆ ಕೂತು, ಮುಷ್ಟಿಯಿಂದ ಹಲಗೆಯನ್ನು ಬಡಿಯತೊಡಗಿದೆ, ಬಾಪಾ ಪೆಟ್ಟಿಗೆಯ ಲಯದಲ್ಲೇ, ನಿಧಾನವಾಗಿ. ಉತಿಯ ಅಂಗೈ ಹಲಗೆಯ ಮೇಲೇ ಇತ್ತು. ಅವರು ನಕ್ಕರು. “ಬಂತು, ನನ್ನ ಗಿತೋದು ಬಂತು” ಅಂದರು. ಗಾಡಿ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಆರೋಗ್ಯ ಕೇಂದ್ರದ ಡಾಕ್ಟರು ಆ ಹೃದಯ ಎಲ್ಲಿದ್ದರೂ ನಿಲ್ಲುವಂಥದೇ ಆಗಿತ್ತು ಎಂದರು. ಇದು ನಿಮ್ಮ ಸಮಾಧಾನಕ್ಕೆ ಹೊಸೆದ ಮಾತಲ್ಲ, ಬುಲಿಕ್ಕೂ ಕೇಳಿಸಿಕೊಂಡಿದ್ದಾರೆ. ಉತಿ ಸತ್ತದ್ದು ಪೆಟ್ಟಿಗೆಯಿಂದಲ್ಲ, ನಿಮ್ಮ ಮಾತಿನಿಂದಲೂ ಅಲ್ಲ.

ಕೊನೆಗೆ ನನ್ನ ಫೋನು ಹತ್ತಿದ್ದು ಚಾಕ್ ಸಮಿನ್‌ಗೆ. ಅವರು ಲಾರಿ ನಿಲ್ಲಿಸಿ, ಹಿಂದಕ್ಕೆ ಹತ್ತಿ, ಬಾಪಾ ಕಿವಿಗೆ ಬಾಯಿಟ್ಟು ಹೇಳಿದರಂತೆ. ಬಾಪಾ ಸದ್ದನ್ನು ತಾವೇ ಇಳಿಸಿ ಸೊನ್ನೆಗೆ ತಂದರು. ಕುಣಿಯುತ್ತಿದ್ದ ಹುಡುಗರು “ಏನ್ ಗಿತೋ ಅಣ್ಣ, ಫ್ಯೂಸ್ ಹೋಯ್ತಾ? ಹಾಕಣ್ಣಾ!” ಎಂದು ಕೂಗಿದರಂತೆ. ಆಮೇಲೆ ಒಬ್ಬರಿಂದೊಬ್ಬರಿಗೆ ಸುದ್ದಿ ಹೋಗಿ, ಹಿಂದಿನ ಲಾರಿಗಳೂ ಒಂದೊಂದಾಗಿ ಸದ್ದು ನಿಲ್ಲಿಸಿದವು.

ಪ್ರಾರ್ಥನೆಗೆ ಬಂದವರು ಹೋದಮೇಲೆ ಬಾಪಾ ನನ್ನನ್ನೂ ಬುಲಿಕ್‌ರನ್ನೂ ಅಡುಗೆಮನೆಯಲ್ಲಿ ಕೂರಿಸಿಕೊಂಡರು. ಆ ಮಾತುಗಳನ್ನು ಹಾಗೇ ಬರೆಯುತ್ತೇನೆ. “ಅವಳು ಅಲ್ಲಿ ದಿನಾ ಇನ್ಯಾರದೋ ತಾಯಿನ ಎತ್ತಿ ಮಲಗಿಸ್ಬೇಕು. ‘ನನ್ನ ಮಾತಿಂದ ಅತ್ತೆ ಪರಸ್ಥಳದಲ್ಲಿ ಸತ್ರು’ ಅಂತ ತಲೇಲಿ ಹೊಕ್ಕರೆ ಅವಳ ಕೈ ಎದ್ದೀತಾ? ತಪ್ಪು ನಂದು ಅಂತಲೇ ಇರಲಿ.” ಬುಲಿಕ್ “ಅಣ್ಣಾ, ಅತ್ತಿಗೆ ನಿನ್ನ ಮನೆಗೇ ಬರದೆ ಹೋದ್ರೆ?” ಎಂದು ಅತ್ತರು. ಬಾಪಾ ಟೀ ಲೋಟ ತಿರುಗಿಸುತ್ತಾ, “ಬರ್ದಿದ್ರೆ ಬರ್ದಿದ್ರೆ. ಅವಳು ಚೆನ್ನಾಗಿರ್ಲಿ” ಅಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವರ ಪೆಟ್ಟಿಗೆಗಳ ಹಾಗೆಯೇ.

ಆದರೆ ಪೆಟ್ಟಿಗೆ ಅಲುಗಲಿಲ್ಲ ಅಂದರೆ ಒಳಗೆ ಏನೂ ಆಗುತ್ತಿಲ್ಲ ಅಂತಲ್ಲ, ಇಬು. ಈಗ ಅವರು ಗರಗಸ ಮುಟ್ಟುವುದಿಲ್ಲ. ಅಂಗಳದಲ್ಲಿ ಒಂದು ಪೆಟ್ಟಿಗೆ ಅರ್ಧಕ್ಕೆ ನಿಂತಿದೆ, ಉತಿ ಕೊನೆಯದಾಗಿ ಮುಟ್ಟಿ ನೋಡಿದ್ದು. ಅದರ ಮೇಲೆ ಸುಣ್ಣದ ಚುಕ್ಕೆಗಳು ಹಾಗೇ ಇವೆ. ಅವಕ್ಕೆ ಒಳಗಿನಿಂದ ಆಸರೆಯನ್ನೂ ಕೊಟ್ಟಿಲ್ಲ, ಬಣ್ಣವನ್ನೂ ಬಳಿದಿಲ್ಲ. ಮಳೆ ಬಂದರೆ ತಮ್ಮ ಹೊದಿಕೆ ತಂದು ಅದಕ್ಕೆ ಹೊದಿಸುತ್ತಾರೆ.

ನಿಮಗೆ ನೋವಾಗುತ್ತದೆ ಎಂದು ಗೊತ್ತಿದ್ದೇ ಬರೆದಿದ್ದೇನೆ. ನೀವಿಬ್ಬರೂ ಒಬ್ಬೊಬ್ಬರೇ ಇದನ್ನು ಹೊರುವುದಕ್ಕಿಂತ ಒಂದೇ ಮನೆಯಲ್ಲಿ ಹೊರುವುದು ಮೇಲು ಅನ್ನಿಸಿತು. ಪ್ಲೀಸ್, ಸಹಿ ಹಾಕಬೇಡಿ. ಸಿಟ್ಟಿದ್ದರೆ ಸಿಟ್ಟು ಹೊತ್ತುಕೊಂಡೇ ಬನ್ನಿ. ಮೊದಲು ಅವರ ಫೋನ್ ಎತ್ತಿ. ಅವರು ‘ಊಟ ಆಯ್ತಾ?’ ಎಂದಷ್ಟೇ ಕೇಳುತ್ತಾರೆ. ಅಷ್ಟಕ್ಕೆ ಉತ್ತರ ಕೊಡಿ ಸಾಕು.

ನಿಮ್ಮ ಕೈಗಳಿಗೆ ಹಣೆ ಮುಟ್ಟಿಸುವ
ನಿಮ್ಮ ಮಗಳು
ಲಾರಸ್

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿದೆ. ಬಾಪಾ ಒಂದು ಸುಳ್ಳು ಹೇಳಿದರು ಎಂದು ಇಷ್ಟುದ್ದ ಬರೆದು, ಅದರ ಪಕ್ಕದಲ್ಲೇ ನನ್ನದೊಂದನ್ನು ಇಟ್ಟಿದ್ದೇನೆ. ಉತಿ ನಕ್ಕು ‘ಬಂತು’ ಅನ್ನಲಿಲ್ಲ. ನಾನು ಬಡಿಯುತ್ತಿದ್ದಾಗ ಕಣ್ಣು ತೆರೆದು, “ಇದು ಗಿತೋದಲ್ಲ. ಅವನದು ಹೀಗೆ ನಡುಗಲ್ಲ” ಅಂದರು. ನನ್ನ ಕೈ ನಿಂತಿತು. ಅವರು ಸೊಂಟದ ಡಬ್ಬಿ ತಡಕಾಡಿ, ಬೆರಳಿಗೆ ಸುಣ್ಣ ಹಚ್ಚಿಕೊಂಡು, ನನ್ನ ಮಣಿಕಟ್ಟನ್ನು ಹಿಡಿದು ಅಲ್ಲೊಂದು ಚುಕ್ಕೆ ಇಟ್ಟರು. “ನಿಲ್ಲಿಸ್ಬೇಡ, ಬಡಿ” ಅಂದರು. ಬಡಿಯುತ್ತಲೇ ಇದ್ದೆ. ಸಂಜೆ ಬಾಪಾ ಬಂದು ಆ ಚುಕ್ಕೆ ನೋಡಿದರು. ಆ ಜಾಗವನ್ನು ಅಂಗೈಯಿಂದ ಮುಚ್ಚಿ ಹಿಡಿದುಕೊಂಡರು, ಉತಿಯನ್ನು ಮನೆಗೆ ತರುವ ದಾರಿಯುದ್ದಕ್ಕೂ ಬಿಡಲಿಲ್ಲ.