ಫ್ಲೆಮಿಂಗೊಗಳ ಕ್ಯಾರೆಟ್

ಅಕ್ಕಾ, ನಮಸ್ಕಾರ.

ಕೆಲಸ ಸಿಕ್ಕಿ ಆರು ತಿಂಗಳಾಯಿತು, ಪಕ್ಷಿಧಾಮದ ಅಡುಗೆಮನೆಯಲ್ಲಿ. ಫ್ಲೆಮಿಂಗೊ ಹಕ್ಕಿಗಳಿಗೆ ದಿನಾ ಕ್ಯಾರೆಟ್ ತುರಿದು, ಒಣ ಸೀಗಡಿ ಬೆರೆಸಿ ಇಡುತ್ತೇನೆ. ಅವುಗಳ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲವಂತೆ, ತಿಂದದ್ದರಿಂದ ಬಂದದ್ದಂತೆ. ಈ ಸಲ ಹಳೇ ಗರಿ ಉದುರಿ ಬಂದ ಹೊಸ ಗರಿಯೆಲ್ಲ ಬೆಳ್ಳಗೆ! ನೋಡಲು ಬಂದವರು, "ಕೊಕ್ಕರೆ ನೋಡೋಕೂ ಟಿಕೆಟ್ಟಾ?" ಎಂದು ಜಗಳ ತೆಗೆದರು.

ನಿನ್ನೆ ಮೇಲ್ವಿಚಾರಕರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಹಕ್ಕಿ ಬಾಯಿಂದ ಕಿತ್ಕೊಂಡು ತಿನ್ನೋಕೆ ನಾಚ್ಕೆ ಆಗಲ್ವೇನ್ರೋ? ಕ್ಯಾರೆಟ್ ಕಳ್ಳ ಇಲ್ಲೇ ನಿಂತಿದಾನೆ!" ಎಂದು ಕೈಯೆತ್ತಿ ಗದರಿದರು. ಎತ್ತಿದ ಅಂಗೈ ಕಿತ್ತಳೆ ಸಿಪ್ಪೆಯ ಬಣ್ಣಕ್ಕಿತ್ತು. ಪಕ್ಕದಲ್ಲಿದ್ದ ಹಕ್ಕಿ ಡಾಕ್ಟರು ಮೆತ್ತಗೆ, "ಕ್ಯಾರೆಟ್ ಜಾಸ್ತಿ ತಿಂದ್ರೆ ಮನುಷ್ಯರ ಅಂಗೈಗೂ ಬಣ್ಣ ಹತ್ತುತ್ತೆ, ಸಾರ್" ಎಂದರು. ಸಾಹೇಬರು ಕೈಯನ್ನು ಜೇಬಿಗಿಳಿಸಿ, "ಸರಿ ಸರಿ, ಹೋಗಿ ಕೆಲ್ಸ ನೋಡ್ಕೊಳ್ಳಿ" ಎಂದರು. ನಮ್ಮಲ್ಲಿ ಯಾರೂ ನಗಲಿಲ್ಲ.

ಹೊಟ್ಟೆ ಕಟ್ಟಿ ದುಡಿಯಬೇಡ ಎಂದು ಬರೆದಿದ್ದೆಯಲ್ಲ, ಹಾಗೇ ನಡೆದುಕೊಂಡಿದ್ದೇನೆ; ಮೈ ಕೈ ತುಂಬಿಕೊಂಡಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ರಜೆಗೆ ಬಂದಾಗ ನನ್ನ ಅಂಗೈ ನೋಡಿ ಕಾಮಾಲೆ ಎಂದು ಗಾಬರಿಯಾಗಬೇಡ.

ನಿನ್ನ ತಮ್ಮ